ಗುರುತು ಹಿಡಿದ ಹನಿ

ಕಂದು! ಅಷ್ಟು ನಿಚ್ಚಳವಾದ ಕಂದು ಬಣ್ಣವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತಿಳಿನೀಲಿ ಚುಕ್ಕೆಗಳ ಬಯಲಿನಲ್ಲಿ ಅದು ಹಣತೆಯ ಕುಡಿಯಂತೆ ಬುಡದಲ್ಲಿ ಉಬ್ಬಿ, ತುದಿಯಲ್ಲಿ ಚೂಪಾಗಿ, ಬೆಲ್ಲದ ಪಾಕದ ಎಳೆಗಳನ್ನು ಒಂದರ ಮೇಲೊಂದು ಸುತ್ತಿಟ್ಟಂತೆ ಕೂತಿತ್ತು. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದರೆ ಇನ್ನೊಂದು. ಮತ್ತೆ ಸರಿಸಿದರೆ ಮಗದೊಂದು. ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲು ನನ್ನಿಂದ ಆಗಲೇ ಇಲ್ಲ.

ಪಕ್ಕದಲ್ಲಿ ನಿಂತಿದ್ದ ಹುಡುಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ಅದು ಒಂದು ನರಕೋಶ ಇತ್ತು. ಈಗ ಅದರೊಳಗ ಉಳದದ್ದು ಆ ಗಂಟು ಒಂದ."

ಬೆಂಗಳೂರಿನ ಒಂದು ಪ್ರಯೋಗಾಲಯವದು. ಹುಡುಗಿ ಯಲಬುರ್ಗಾ ಕಡೆಯವಳು, ನಾನು ಕುಷ್ಟಗಿ ತಾಲ್ಲೂಕಿನವಳು. ಮೊದಲ ಮಾತಿಗೇ ಒಬ್ಬರ ಊರು ಒಬ್ಬರಿಗೆ ಗೊತ್ತಾಗಿತ್ತು. ನಮ್ಮ ಕಡೆ ಯಾರು ಎದುರಾದರೂ ಹೆಸರು ಕೇಳುವ ಮೊದಲು ಕೇಳುವುದು "ಯಾರ ಪೈಕಿ?" ಅಂತ. ಯಾವ ಮನೆ, ಯಾರ ಬಳಗ, ಯಾವ ಓಣಿ. ನಮ್ಮ ಅಜ್ಜಿಗೆ ಈ ವಿದ್ಯೆ ಕರತಲಾಮಲಕ. ಸಂತೆಯಲ್ಲಿ ಹುಡುಗರ ಮುಖ ನೋಡಿಯೇ ಅವರ ಮುತ್ತಜ್ಜನ ಹೆಸರು ಹೇಳುತ್ತಿದ್ದಳು, ಮೂಗಿನ ಗುರುತು, ನಡಿಗೆಯ ಗುರುತು ಹಿಡಿದು. ಅಂಥ ಅಜ್ಜಿ ಒಂದು ಮುಂಜಾನೆ ತನ್ನ ಸ್ವಂತ ಮಗಳನ್ನು, ಅಂದರೆ ನಮ್ಮ ಅವ್ವನನ್ನು, ತಲಬಾಗಿಲಲ್ಲಿ ನಿಲ್ಲಿಸಿ ಕೇಳಿದಳು: "ನೀ ಯಾರ ಪೈಕಿ, ಯವ್ವಾ?"

ಅರವತ್ತಕ್ಕೆ ಅರಳು ಮರಳು ಎಂದು ಊರು ಅಂದಿತು. ವಯಸ್ಸಾತಲ್ಲ ಎಂದು ಡಾಕ್ಟರೂ ಅಂದರು. ಅವ್ವ ಮಾತ್ರ ಒಪ್ಪಲಿಲ್ಲ. ಅದಕ್ಕೂ ಎಂಟು ವರ್ಷ ಹಿಂದೆ ಎರಡೆಕರೆ ಎರಿ ಹೊಲದ ಮಾತಿಗೆ ತಾಯಿ ಮಗಳಿಗೆ ದೊಡ್ಡ ಜಗಳವಾಗಿತ್ತು. "ಸಿಟ್ಟು ಐತಿ. ಬೇಕಂತ ಗುರುತು ಹಿಡಿಯವಲ್ಲಳು" ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೂ ಆ ಮಾತು ಅವ್ವನನ್ನು ಬಿಡಲಿಲ್ಲ.

ಈ ಗಾಜಿನ ಪಟ್ಟಿಯ ಮೇಲಿದ್ದ ಮರೆವಿನ ಕಾಯಿಲೆಯ ಗಂಟು ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೇ.

ಆದರೆ ಆ ಕಂದು ಬಣ್ಣ ಗಂಟಿನದಲ್ಲ! ಮಿದುಳಿನ ತೆಳು ಪದರಿಗೆ ತನ್ನದೇ ಬಣ್ಣವಿಲ್ಲ, ನೀರಿನಲ್ಲಿ ನೆನೆದ ಈರುಳ್ಳಿ ಸಿಪ್ಪೆಯ ಹಾಗೆ ಪಾರದರ್ಶಕ. ಕಂದು ಮೂಡಿಸಿದ್ದು ಒಂದು ಹನಿ. ಹುಡುಗಿ ಫ್ರೀಜರಿನಿಂದ ತೆಗೆದು ತೋರಿಸಿದಳು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಪ್ಲಾಸ್ಟಿಕ್ ಕೊಳವೆ, ಅದರ ತಳದಲ್ಲಿ ನೂರು ಮೈಕ್ರೊಲೀಟರ್ ದ್ರವ. ಅಂದರೆ ಎರಡು ಹನಿ. ನೀರಿಗೂ ಅದಕ್ಕೂ ನೋಟದಲ್ಲಿ ವ್ಯತ್ಯಾಸವೇ ಇಲ್ಲ. ಅದರೊಳಗೆ ಕೋಟಿ ಕೋಟಿ ಪ್ರತಿಕಾಯಗಳು, ಒಂದೊಂದೂ ಇಂಗ್ಲಿಷಿನ ವೈ ಅಕ್ಷರದ ಆಕಾರ, ಒಂದೊಂದೂ ಇನ್ನೊಂದರ ಪಡಿಯಚ್ಚು. ಅವಕ್ಕೆ ಈ ಲೋಕದಲ್ಲಿ ಗೊತ್ತಿರುವುದು ಒಂದೇ ಒಂದು ಗುರುತು. ಲಕ್ಷಾಂತರ ಬಗೆಯ ಅಣುಗಳು ತುಂಬಿದ ಮಿದುಳಿನ ಸಂತೆಯಲ್ಲಿ ಇಳಿದು, ಎಲ್ಲರನ್ನೂ ದಾಟಿ, ಒಂದೇ ಒಂದು ಪ್ರೋಟೀನಿನ ಒಂದೇ ಒಂದು ಮೂಲೆಯನ್ನು ಹಿಡಿದುಕೊಳ್ಳುತ್ತವೆ. ಆ ಪ್ರೋಟೀನಿನ ಹೆಸರು ಟಾವ್.

ಟಾವ್ ಯಾರ ಪೈಕಿ? ಅದನ್ನು ಹೇಳಬೇಕಾದರೆ ನರಕೋಶದೊಳಕ್ಕೆ ಇಳಿಯಬೇಕು.

ನಮ್ಮ ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ನರತಂತು ಒಂದೇ ಕೋಶದ ಬಾಲ. ಉದ್ದ ಹತ್ತಿರ ಹತ್ತಿರ ಒಂದು ಮೀಟರ್! ಕೋಶದ ಒಡಲಲ್ಲಿ ತಯಾರಾದ ಸಾಮಾನು ಆ ತುದಿಗೆ ಮುಟ್ಟಬೇಕು. ಮುನಿರಾಬಾದಿನಲ್ಲಿ ಬಿಟ್ಟ ನೀರು ಎಡದಂಡೆ ಕಾಲುವೆ ಹಿಡಿದು ಗಂಗಾವತಿಯ ಗದ್ದೆಗಳನ್ನೆಲ್ಲ ದಾಟಿ ಟೇಲೆಂಡಿನ ರೈತನ ಹೊಲಕ್ಕೆ ಮುಟ್ಟಬೇಕಲ್ಲ, ಹಾಗೆ. ನಡುವೆ ಎಲ್ಲಿ ತಡೆದರೂ ಮೊದಲು ಒಣಗುವುದು ಟೇಲೆಂಡು. ನರಕೋಶದಲ್ಲೂ ಅಷ್ಟೇ. ಅದರ ತುದಿಯಲ್ಲೇ ಇನ್ನೊಂದು ಕೋಶದ ಜೊತೆ ಮಾತು ನಡೆಯುವುದು, ನೆನಪು ಕಟ್ಟುವುದು.

ಈ ಸಾಗಣೆಗೆ ಹಾಕಿದ ಹಾದಿಗಳೇ ಮೈಕ್ರೊಟ್ಯೂಬ್ಯೂಲ್‌ಗಳು, ಸೂಕ್ಷ್ಮ ನಳಿಕೆಗಳು. ಅಡ್ಡಳತೆ 25 ನ್ಯಾನೊಮೀಟರ್. ಒಂದು ತಲೆಗೂದಲಿನ ಅಗಲಕ್ಕೆ ಮೂರು ಸಾವಿರ ನಳಿಕೆಗಳನ್ನು ಪಕ್ಕಪಕ್ಕ ಜೋಡಿಸಬಹುದು. ಸುತ್ತಲೂ 13 ಎಳೆ, ಎಳೆಯ ಉದ್ದಕ್ಕೂ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಇಟ್ಟಿಗೆ. ಅದರ ಮೇಲೆ ಕೈನೆಸಿನ್ ಎಂಬ ಅಣು ನಡೆಯುತ್ತದೆ. ನಡೆಯುತ್ತದೆ ಎಂದರೆ ನಿಜಕ್ಕೂ ಎರಡು ಕಾಲಲ್ಲಿ! ಗಂಗಾವತಿಯ ಎಪಿಎಂಸಿಯಲ್ಲಿ ಭತ್ತದ ಚೀಲ ಬೆನ್ನಿಗೇರಿಸಿಕೊಂಡು ಹಲಗೆಯ ಮೇಲೆ ಹೆಜ್ಜೆ ಹೆಜ್ಜೆ ಇಟ್ಟು ಲಾರಿ ಏರುವ ಹಮಾಲರನ್ನು ನೋಡಿದ್ದೀರಾ? ತದ್ರೂಪು ಅದೇ. ಒಂದು ಹೆಜ್ಜೆಗೆ 8 ನ್ಯಾನೊಮೀಟರ್, ಸೆಕೆಂಡಿಗೆ ನೂರರ ಹತ್ತಿರ ಹೆಜ್ಜೆ, ತಲೆಯ ಮೇಲೆ ತನಗಿಂತ ಎಷ್ಟೋ ಪಾಲು ದೊಡ್ಡ ಮೂಟೆ. ನೀವು ಈ ಸಾಲು ಓದುವಾಗ ನಿಮ್ಮ ತಲೆಯೊಳಗೆ ಆ ಹಮಾಲರು ನಡೆಯುತ್ತಲೇ ಇದ್ದಾರೆ.

1970ರ ದಶಕದ ಆರಂಭದಲ್ಲಿ ಒಂದು ಸೋಜಿಗ ಗೊತ್ತಾಗಿತ್ತು. ಮಿದುಳಿನ ರಸದಲ್ಲಿರುವ ಈ ನಳಿಕೆಗಳನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟರೆ ಬಿಡಿ ಇಟ್ಟಿಗೆಗಳಾಗಿ ಉದುರುತ್ತವೆ, ಮೈ ಬಿಸಿಯ 37 ಡಿಗ್ರಿಗೆ ತಂದರೆ ತಮ್ಮಷ್ಟಕ್ಕೆ ತಾವೇ ಮತ್ತೆ ಕಟ್ಟಿಕೊಳ್ಳುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾರ್ಕ್ ಕಿರ್ಶ್ನರ್, ಮರ್ರೆ ವೈನ್‌ಗಾರ್ಟನ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ಟ್ಯೂಬ್ಯುಲಿನ್ ತೆಗೆದು ಚೆನ್ನಾಗಿ ಸೋಸಿದರು, ಶುದ್ಧ ಮಾಡಿದರು. ಬೆಚ್ಚಗೆ ಮಾಡಿದರು. ನಳಿಕೆ ಕಟ್ಟಲೇ ಇಲ್ಲ! ಇಟ್ಟಿಗೆ ಇದೆ, ಬಿಸಿ ಇದೆ, ಗೋಡೆ ಮಾತ್ರ ಏಳುವುದಿಲ್ಲ. ಸೋಸುವಾಗ ಏನೋ ಜಾರಿ ಹೋಗಿದೆ. ಆ ಜಾರಿ ಹೋದದ್ದನ್ನು ಹುಡುಕಿ ತಂದು ಮತ್ತೆ ಬೆರೆಸಿದರು. ನಳಿಕೆಗಳು ಎದ್ದು ನಿಂತವು. 1975ರಲ್ಲಿ ಅದಕ್ಕೆ ಗ್ರೀಕ್ ಅಕ್ಷರದ ಹೆಸರಿಟ್ಟರು, ಟಾವ್. ಕುದಿಸಿದರೂ ಕೆಡದ ಗಟ್ಟಿ ಜೀವ ಅದು. ಮೊಟ್ಟೆಯ ಪ್ರೋಟೀನ್ ಕುದಿಗೆ ಗಟ್ಟಿಯಾಗುತ್ತದೆ, ಟಾವ್ ಮಾತ್ರ ಇದ್ದ ಹಾಗೇ ಇರುತ್ತದೆ.

ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆ ಮಾಡುವುದನ್ನು ಚಿಕ್ಕಂದಿನಲ್ಲಿ ಕೂತು ನೋಡಿದ್ದೇನೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಗೋಣಿಯ ನಾರು, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಬೆರಳಲ್ಲಿ ತೀಡಿ ಸಂದು ಮುಚ್ಚುತ್ತಾರೆ. ಗೊಂಬೆಯ ಅಂದಕ್ಕೆ ಎಲ್ಲರೂ ತಲೆದೂಗುತ್ತಾರೆ, ಕಿಟ್ಟದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಟಾವ್ ನಳಿಕೆಯ ಮೈಮೇಲೆ ಮಾಡುವ ಕೆಲಸ ಕಿಟ್ಟದ್ದೇ. ಆದರೆ ಅದರಂತೆ ಒಣಗಿ ಕೂರುವುದಿಲ್ಲ. ಒಂದು ಸೆಕೆಂಡಿನ ಚೂರಿನಷ್ಟು ಹೊತ್ತು ಮುಟ್ಟುತ್ತದೆ, ಬಿಡುತ್ತದೆ, ಪಕ್ಕದ ನಳಿಕೆಯನ್ನು ಮುಟ್ಟುತ್ತದೆ. ಹಮಾಲರ ದಾರಿಗೆ ಅಡ್ಡ ಬರದೆ ಹಾದಿಯನ್ನು ಕಾಯುತ್ತದೆ.

ಈಗ ಅದೇ 1975ಕ್ಕೆ ಬನ್ನಿ. ನನ್ನ ಮೈ ಜುಮ್ಮೆಂದದ್ದು ಇಲ್ಲಿ. ಟಾವ್ ಪತ್ತೆಯಾದ ಅದೇ ವರ್ಷ, ಸಾಗರದ ಆಚೆ ದಡದಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅರ್ಜೆಂಟೀನಾದಿಂದ ಬಂದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ತರುಣ ಜಾರ್ಜ್ ಕೋಹ್ಲರ್ ಒಂದು ಮದುವೆ ಮಾಡಿಸಿದರು. ಇಲಿಯ ಗುಲ್ಮದಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳಿರುತ್ತವೆ. ಒಂದೊಂದು ಕೋಶಕ್ಕೂ ಒಂದೊಂದೇ ಗುರುತು ಗೊತ್ತು, ಆದರೆ ಗಾಜಿನ ತಟ್ಟೆಯಲ್ಲಿ ಅವು ಕೆಲವೇ ದಿನ ಬದುಕುತ್ತವೆ. ಇನ್ನೊಂದು ಕಡೆ ಸಾವೇ ಇಲ್ಲದೆ ಹೆಚ್ಚುತ್ತಲೇ ಹೋಗುವ ಕ್ಯಾನ್ಸರ್ ಕೋಶಗಳು. ಎರಡನ್ನೂ ಬೆಸೆದರು. ಹುಟ್ಟಿದ ಕೂಸಿಗೆ ತಾಯಿಯ ಗುರುತಿನ ವಿದ್ಯೆ ಬಂತು, ತಂದೆಯ ಆಯುಷ್ಯ ಬಂತು! ಒಂದೇ ಕೋಶದ ಸಂತತಿ ವರ್ಷಗಟ್ಟಲೆ ಒಂದೇ ಬಗೆಯ ಪ್ರತಿಕಾಯವನ್ನು ಸುರಿಸುತ್ತಾ ಇರುತ್ತದೆ. ಆ ವಿಧಾನಕ್ಕೆ ಪೇಟೆಂಟ್ ಮಾಡಲಿಲ್ಲ. ಜಗತ್ತಿನ ಯಾವ ಪ್ರಯೋಗಾಲಯ ಬೇಕಾದರೂ ಮಾಡಿಕೊಳ್ಳುವಂತಾಯಿತು. 1984ರಲ್ಲಿ ಅವರಿಬ್ಬರಿಗೂ ನೀಲ್ಸ್ ಯೆರ್ನೆ ಜೊತೆಗೆ ನೊಬೆಲ್ ಬಂತು.

ಒಂದು ಕಡೆ ಬೀಗ, ಇನ್ನೊಂದು ಕಡೆ ಕೀಲಿಕೈ ಮಾಡುವ ವಿದ್ಯೆ, ಎರಡೂ ಒಂದೇ ವರ್ಷ. ಎರಡೂ ಕೂಡಲು ಹತ್ತು ವರ್ಷ ಹಿಡಿಯಿತು. 1985ರಲ್ಲಿ ಲೆಸ್ಟರ್ ಬೈಂಡರ್ ಮತ್ತು ಸಂಗಡಿಗರು ಟಾವ್-1 ಎಂಬ ಪ್ರತಿಕಾಯದಿಂದ ಮಿದುಳಿಗೆ ಬಣ್ಣ ಹಚ್ಚಿ ನೋಡಿದರು. ಟಾವ್ ಇರುವುದು ಹೆಚ್ಚಾಗಿ ಆ ಉದ್ದನೆಯ ಬಾಲದಲ್ಲಿ ಎಂದು ಕಂಡಿತು. ಅದರ ದಾಯಾದಿ ಪ್ರೋಟೀನ್ ಒಂದಿದೆ, ಮ್ಯಾಪ್-2, ಅದು ಕೋಶದ ಕಿರುಕೊಂಬೆಗಳಲ್ಲಿ ವಾಸ. ಒಂದೇ ಕೋಶದಲ್ಲಿ ಅಣ್ಣನಿಗೊಂದು ಪಡಸಾಲೆ, ತಮ್ಮನಿಗೊಂದು!

ಅದೇ ಹೊತ್ತಿಗೆ, 1985–86ರಲ್ಲಿ, ಎಂಬತ್ತು ವರ್ಷದ ಹಳೆಯ ಒಗಟು ಬಿಡಿಸಿಕೊಂಡಿತು. 1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯ ಮರೆವಿನಿಂದ ನರಳಿದ್ದ ಆಗುಸ್ಟೆ ಎಂಬ ಹೆಣ್ಣುಮಗಳ ಮಿದುಳಿನ ಬಗ್ಗೆ ಉಪನ್ಯಾಸ ಕೊಟ್ಟ. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿದಾಗ ಕೋಶಗಳೊಳಗೆ ಕಪ್ಪು ಗಂಟುಗಳು ಕಂಡಿದ್ದವು. ಗಂಟು ಕಂಡಿತ್ತು, ಗಂಟಿನೊಳಗೆ ಏನಿದೆ ಎಂದು ತಿಳಿಯಲಿಲ್ಲ. ಬೆಳ್ಳಿ ಕಪ್ಪು ಮಾಡುತ್ತದೆ, ಹೆಸರು ಹೇಳುವುದಿಲ್ಲ. ಹೆಸರು ಹೇಳಿದ್ದು ಪ್ರತಿಕಾಯ. ಜೀನ್-ಪಿಯರ್ ಬ್ರಿಯೋನ್, ಇಂಗೆ ಗ್ರುಂಡ್ಕೆ-ಇಕ್ಬಾಲ್, ಖಾಲಿದ್ ಇಕ್ಬಾಲ್ ಮುಂತಾದವರ ಕೈಯಲ್ಲಿ ಅದು ಗಂಟನ್ನು ಮುಟ್ಟಿ ಅಂದಿತು: ಇದು ಟಾವ್‌ನ ಪೈಕಿ. ಹಾದಿ ಕಾಯಬೇಕಾದದ್ದು ಹಾದಿ ಬಿಟ್ಟು ಒಂದರ ಮೇಲೊಂದು ಬಿದ್ದುಕೊಂಡಿದೆ.

ಇಷ್ಟು ಸಣ್ಣ ಅಣು ಕೈಬಿಟ್ಟರೆ ಅಷ್ಟು ದೊಡ್ಡ ಅನಾಹುತವೇ? ನಮ್ಮ ಕಡೆಯವರು ಈ ಪ್ರಶ್ನೆ ಕೇಳಲಾರರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಯಿತು. 33 ಗೇಟುಗಳಲ್ಲಿ ಒಂದು, ಅದರ ಒಂದು ಚೈನು. ಕಣ್ಣೆದುರೇ ನದಿಗೆ ನದಿಯೇ ಹರಿದು ಹೋಯಿತು. ಬೆಳೆ ಕೈಗೆ ಬರುತ್ತದೋ ಇಲ್ಲವೋ ಎಂದು ಗಂಗಾವತಿ, ಕಾರಟಗಿ ಕಡೆಯ ರೈತರು ಆ ವಾರ ನಿದ್ದೆ ಮಾಡಿರಲಿಕ್ಕಿಲ್ಲ.

ಟಾವ್ ಯಾಕೆ ಕೈಬಿಡುತ್ತದೆ? ಇಲ್ಲಿ ಹಚ್ಚೆಯ ಮಾತು ಬರುತ್ತದೆ. ಅಜ್ಜಿಯ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ಎಲ್ಲ ಮರೆತ ಮೇಲೂ ಅದನ್ನು ಹೆಬ್ಬೆರಳಿನಿಂದ ತೀಡುತ್ತಾ ಕೂತಿರುತ್ತಿದ್ದಳು. ಟಾವ್‌ನ ಉದ್ದನೆಯ ರೂಪದಲ್ಲಿ 441 ಅಮಿನೊ ಆಮ್ಲಗಳ ಸರ. ಆ ಸರದ ಮಣಿಗಳ ಮೇಲೆ ಕೋಶ ಅಲ್ಲಲ್ಲಿ ಫಾಸ್ಫೇಟಿನ ಹಚ್ಚೆ ಹಾಕುತ್ತದೆ, ಬೇಡವಾದಾಗ ಅಳಿಸುತ್ತದೆ. ಮಿತವಾಗಿದ್ದರೆ ಅದು ಟಾವ್‌ಗೆ ಯಾವಾಗ ಮುಟ್ಟಬೇಕು, ಯಾವಾಗ ಬಿಡಬೇಕು ಎಂಬ ಸನ್ನೆ. ಅತಿಯಾದರೆ ಟಾವ್ ನಳಿಕೆಯಿಂದ ಕಳಚಿಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತಯಾರಾದ ಎಟಿ8 ಎಂಬ ಪ್ರತಿಕಾಯಕ್ಕೆ ಬರೀ ಟಾವ್ ಕಂಡರೆ ಗುರುತೇ ಸಿಗುವುದಿಲ್ಲ. 202ನೇ ಮಣಿಯ ಮೇಲೂ 205ನೇ ಮಣಿಯ ಮೇಲೂ ಹಚ್ಚೆ ಇರಬೇಕು. ಆಗ ಮಾತ್ರ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಆ ಟಾವ್-1 ಇದೆಯಲ್ಲ, ಅದು ತದ್ವಿರುದ್ಧ: ಅದೇ ಜಾಗದಲ್ಲಿ ಹಚ್ಚೆ ಇಲ್ಲದಿದ್ದರೆ ಮಾತ್ರ ಗುರುತು. ನಾಲ್ಕೈದು ಪರಮಾಣುಗಳ ವ್ಯತ್ಯಾಸವನ್ನು ಕಣ್ಣಿಲ್ಲದ ಅಣುವೊಂದು ಓದುತ್ತದೆ!

ಹುಡುಗಿ ಕೆಲಸ ಶುರು ಮಾಡಿದಳು. ಮಿದುಳಿನ ತುಂಡನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳ್ಳಗೆ ಸೀಳಿ ಗಾಜಿಗೆ ಅಂಟಿಸಿದ್ದಳು. ಮೇಣ ಕರಗಿಸಿದ ಮೇಲೆ ಅವಳು ಹೊರತೆಗೆದದ್ದು ಏನು ಗೊತ್ತೇ? ಕುಕ್ಕರ್! ನಮ್ಮ ನಿಮ್ಮ ಮನೆಯ ಬೇಳೆ ಕುಕ್ಕರ್.

"ಫಾರ್ಮಲಿನ್‌ನ್ಯಾಗ ಇಟ್ಟಾಗ ಪ್ರೋಟೀನೆಲ್ಲಾ ಒಂದಕ್ಕೊಂದು ಹೆಣಕೊಂಡು ಮುಖ ಮುಚ್ಚಿಕೊಂಡಿರ್ತಾವ ಅಕ್ಕಾ. ಕುದಿಸಿದ್ರ ಬಿಚ್ಚಿಕೊಂತಾವ" ಅಂದಳು. ನಿಂಬೆಯ ಹುಳಿಯ ಬಳಗದ ಸಿಟ್ರೇಟ್ ದ್ರಾವಣದಲ್ಲಿ ಸ್ಲೈಡುಗಳು ಕುದ್ದವು. ಕುಕ್ಕರ್ ಸೀಟಿ ಹೊಡೆಯಿತು. ತಣಿದ ಮೇಲೆ ಒಂದೊಂದರ ಮೇಲೆ ಸಾವಿರ ಪಟ್ಟು ತಿಳಿಯಾಗಿಸಿದ ಪ್ರತಿಕಾಯದ ಹನಿ ಬಿಟ್ಟು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಳು. ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಬೇರೊಂದು ಪರೀಕ್ಷೆಯ ಹಾಳೆಯನ್ನು ಹಾಲಿನ ಪುಡಿ ಕಲಸಿದ ನೀರಲ್ಲಿ ಅದ್ದುತ್ತಿದ್ದರು. ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟಬಾರದಲ್ಲ, ಖಾಲಿ ಜಾಗವನ್ನೆಲ್ಲ ಹಾಲಿನ ಪ್ರೋಟೀನ್ ಮೊದಲೇ ತುಂಬಿಬಿಡುತ್ತದೆ.

ಮರುದಿನ ಎರಡನೆಯ ಪ್ರತಿಕಾಯ. ಇದು ಮೇಕೆಯದು. ಇದಕ್ಕೆ ಟಾವ್ ಗೊತ್ತಿಲ್ಲ, ಇಲಿಯ ಪ್ರತಿಕಾಯ ಮಾತ್ರ ಗೊತ್ತು. ಇದರ ಬೆನ್ನಿಗೆ ಕಟ್ಟಿದ್ದು ಮೂಲಂಗಿ, ಸಾಸಿವೆಗಳ ನೆಂಟನಾದ ಒಂದು ಗಿಡದ ಬೇರಿನ ಕಿಣ್ವ. ಕೊನೆಗೆ ಬಣ್ಣದ ರಾಸಾಯನಿಕ. ಆ ಕಿಣ್ವ ಕೂತ ಜಾಗದಲ್ಲಿ ಮಾತ್ರ ಕಂದು ಮೂಡುತ್ತದೆ. ಒಂದು ಗಾಜಿನ ಚೂರಿನ ಮೇಲೆ ಮನುಷ್ಯನ ಮಿದುಳು, ಇಲಿಯ ನೆನಪು, ಮೇಕೆಯ ರಕ್ತ, ಗಿಡದ ಬೇರು, ಎಲ್ಲವೂ ಸಾಲಾಗಿ ಕೈ ಕೈ ಹಿಡಿದು ನಿಂತಿವೆ! ಸ್ಲೈಡ್ ಮೇಲೆ ಕಂದು ಏರುವುದನ್ನು ನಾನು ಉಸಿರು ಹಿಡಿದು ನೋಡಿದೆ. ಮೊದಲು ಏನೂ ಇಲ್ಲ. ಒಂದು ನಿಮಿಷ. ಆಮೇಲೆ ಚಹಾದ ಕಲೆಯಂತೆ ಒಂದು ಅಂಚು ಬಣ್ಣ ತಿರುಗಿತು.

ಪ್ರತಿಕಾಯ ಸುಳ್ಳು ಹೇಳುವುದಿಲ್ಲವೇ ಎಂದು ಕೇಳಿದೆ. ಹೇಳುತ್ತದೆಯಂತೆ. ಒಂದೇ ಹೆಸರಿನ ಸೀಸೆ ಕೊಂಡರೂ ಬೇರೆ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳಿವೆ, ಅದಕ್ಕೆ ನಂಬುವ ಮೊದಲು ಒರೆಗೆ ಹಚ್ಚಬೇಕು. ಒರೆಗಲ್ಲು ಯಾವುದೆಂದರೆ ಟಾವ್ ವಂಶವಾಹಿಯನ್ನೇ ತೆಗೆದುಹಾಕಿದ ಇಲಿ. ಟಾವ್ ಇಲ್ಲದ ಮಿದುಳಿನಲ್ಲೂ ಬಣ್ಣ ಬಂದರೆ ಆ ಪ್ರತಿಕಾಯ ಸುಳ್ಳುಸಾಕ್ಷಿ. ಅಂಥ ಇಲಿಯನ್ನು 1994ರಲ್ಲಿ ಜಪಾನಿನ ನೊಬುಟಾಕ ಹಿರೊಕಾವ ತಂಡ ಹುಟ್ಟಿಸಿದಾಗ ಎಲ್ಲರೂ ಬೆರಗಾದರು. ಟಾವ್ ಇಲ್ಲದೆಯೂ ಇಲಿ ಓಡಾಡಿಕೊಂಡಿತ್ತು! ಅದರ ಕೆಲಸವನ್ನು ಬಳಗದ ಇತರ ಪ್ರೋಟೀನುಗಳು ಹಂಚಿಕೊಂಡಿದ್ದವು.

ಇನ್ನೂ ಒಂದು ಬೆರಗು ಹೇಳದೆ ಮುಂದೆ ಹೋಗಲಾರೆ. ಯುರೋಪಿನಲ್ಲಿ ಚಳಿಗಾಲವಿಡೀ ಬಿಲದಲ್ಲಿ ಮಲಗುವ ನೆಲದ ಅಳಿಲುಗಳಿವೆ. ಗಾಢ ನಿದ್ದೆಯಲ್ಲಿ ಅವುಗಳ ಮಿದುಳಿನ ಟಾವ್ ಮೇಲೆ ಆಲ್ಝೈಮರ್ ರೋಗಿಗಳಲ್ಲಿ ಕಾಣುವಂಥ ಹಚ್ಚೆಗಳೇ ತುಂಬಿಕೊಳ್ಳುತ್ತವೆ. ಅಳಿಲು ಎಚ್ಚರಗೊಂಡ ಮೇಲೆ ಅಷ್ಟೂ ಅಳಿಸಿಹೋಗುತ್ತವೆ! 2003ರಲ್ಲಿ ಥಾಮಸ್ ಅರೆಂಟ್ ತಂಡ ಇದನ್ನು ತೋರಿಸಿತು, ಪ್ರತಿಕಾಯಗಳ ಕಣ್ಣಿಂದಲೇ. ನಮ್ಮ ಕೊಪ್ಪಳದ ಗುಡ್ಡದ ಕರಡಿಗಳು ಹಾಗೆ ಚಳಿನಿದ್ದೆ ಮಾಡುವುದಿಲ್ಲ, ಆದರೆ ಎಲ್ಲೋ ಒಂದು ಪುಟ್ಟ ಪ್ರಾಣಿಗೆ ಆ ಹಚ್ಚೆ ಅಳಿಸುವ ಹಾದಿ ಗೊತ್ತಿದೆ. ಈ ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ನಾಡಿನಲ್ಲೂ ಈ ಕೆಲಸಕ್ಕೆ ಬೇರುಗಳಿವೆ. 1995ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳುತನದಲ್ಲಿ ಮಿದುಳು ಬ್ಯಾಂಕ್ ಹುಟ್ಟಿತು. ತೀರಿಕೊಂಡವರ ಮನೆಯವರು ದುಃಖದ ನಡುವೆಯೇ ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿವೆ, ಕೆಲವು ಫಾರ್ಮಲಿನ್‌ನಲ್ಲಿ, ಕೆಲವು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಹಿಮದಲ್ಲಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ಹೊಲದಲ್ಲಿ ದುಡಿದವರ, ಶಾಲೆ ಕಾಣದವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಕೇಳುವವರು ಕೊನೆಗೂ ಸಿಕ್ಕಿದ್ದಾರೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಮರೆವಿನ ಕಾಯಿಲೆಗಳಿವೆ, ಒಟ್ಟು 88 ಲಕ್ಷ ಜನ.

ಒಂದು ಕಾಲಕ್ಕೆ ಗಂಟನ್ನು ನೋಡಬೇಕೆಂದರೆ ಮನುಷ್ಯ ಸಾಯಬೇಕಿತ್ತು. ಈಗ ಹಚ್ಚೆ ಬಿದ್ದ ಟಾವ್‌ನ ಚೂರುಗಳನ್ನು, ವಿಶೇಷವಾಗಿ 217ನೇ ಮಣಿಯ ಹಚ್ಚೆಯನ್ನು, ಬದುಕಿರುವವರ ರಕ್ತದಲ್ಲೇ ಹಿಡಿಯುವ ಪ್ರತಿಕಾಯಗಳು ಬಂದಿವೆ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅಂಥ ಮೊದಲ ರಕ್ತಪರೀಕ್ಷೆಗೆ ಸರಕಾರಿ ಒಪ್ಪಿಗೆ ಸಿಕ್ಕಿತು. ಒಂದು ದಿನ ಯಲಬುರ್ಗಾದ ಆಸ್ಪತ್ರೆಯಲ್ಲಿ ತೋಳಿಗೆ ಸೂಜಿ ಚುಚ್ಚಿ ತೆಗೆದ ಒಂದು ನಳಿಕೆ ರಕ್ತ ಸಾಕಾಗುವ ಕಾಲ ಬರಲಿ ಎಂದು ಮನಸಾರೆ ಆಸೆಪಡುತ್ತೇನೆ.

ಹುಡುಗಿಯನ್ನು ಕೇಳಿ ಆ ಕಂದು ಗಂಟಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಊರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನ ಮಾಡುತ್ತಿದ್ದಳು. ಇದು ಅಜ್ಜಿಯದಲ್ಲ, ಅಜ್ಜಿಯ ಮಿದುಳನ್ನು ಯಾರೂ ನೋಡಿಲ್ಲ, ಆದರೆ ಅವಳಿಗೂ ಇಂಥದ್ದೇ ಆಗಿರಬಹುದು ಎಂದೆ. ಹಾದಿ, ಹಮಾಲರು, ಹಚ್ಚೆ, ಎಲ್ಲ ಹೇಳಿದೆ. ಅವ್ವ ಮೊರ ಬದಿಗಿಟ್ಟು ಫೋನ್ ಇಸಿದುಕೊಂಡು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಬಹಳ ಹೊತ್ತು ನೋಡಿದಳು.

"ಇವು ಮರವು ಸುರು ಆದ ಮ್ಯಾಲ ಬರ್ತಾವೋ, ಮೊದಲೋ?"

"ಮೊದಲ, ಅವ್ವಾ. ಹತ್ತು, ಹದಿನೈದು ವರ್ಷ ಮೊದಲ ಸುರು ಆಗಿರ್ತಾವಂತ. ಹೊರಗ ಯಾರಿಗೂ ತಿಳಿಯಂಗಿಲ್ಲ."

ಅವ್ವ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತಾ ಲೆಕ್ಕ ಹಾಕಿದಳು. ಒಮ್ಮೆ ಹಾಕಿ, ಮತ್ತೊಮ್ಮೆ ಹಾಕಿದಳು.

"ಅಂದ್ರ," ಅಂದಳು, "ಹೊಲದ ಜಗಳಕ್ಕಿಂತ ಮೊದಲ."